ಹೊರನಾಡಿನ ಓದುಗನೊಬ್ಬನ ಹಸ್ತಪ್ರತಿಗಳು

ಕಾರ್ಲ್ ಮಾರ್ಕ್ಸ್‌ನ ‘ಬಂಡವಾಳ’ವನ್ನು ಹೊಗಳುವವರೂ ತೆಗಳುವವರೂ ಅದನ್ನು ಪೂರ್ಣಗೊಂಡ ಶಾಸ್ತ್ರಗ್ರಂಥವೆಂದೇ ಭಾವಿಸಿ ವಾದಿಸುತ್ತಾರೆ. ಅದು ರೂಪುಗೊಂಡ ಬಗೆಯನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲಲಾರದು. ಪರದೇಶದಲ್ಲಿ ನೆಲೆಸಿದ ಓದುಗನೊಬ್ಬನ ಟಿಪ್ಪಣಿಗಳಿಂದ ಬೆಳೆದ ಗ್ರಂಥ ಅದು. ಆದುದರಿಂದಲೇ ಈ ಸಮ್ಮೇಳನಕ್ಕೆ ನೆರೆದಿರುವ ನಮಗೆ ಆ ಕಥೆ ದೂರದ್ದಲ್ಲ.

1849ರಲ್ಲಿ ಲಂಡನ್ನಿಗೆ ಬಂದ ಮಾರ್ಕ್ಸ್, ಮರುವರ್ಷ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯಕ್ಕೆ ಪ್ರವೇಶಪತ್ರ ಪಡೆದನು. ಆಡಂ ಸ್ಮಿತ್, ರಿಕಾರ್ಡೊ ಮೊದಲಾದವರ ಕೃತಿಗಳಿಂದ ಪುಟಗಟ್ಟಲೆ ನಕಲು ಮಾಡಿಕೊಂಡು, ನಡುನಡುವೆ ತನ್ನ ಆಕ್ಷೇಪಗಳನ್ನು ಸೇರಿಸುವುದು ಅವನ ರೂಢಿ. 1857-58ರ ದೊಡ್ಡ ಕರಡನ್ನು ಬರೆಯುತ್ತಿದ್ದಾಗ ಕವಿಮಿತ್ರ ಫ್ರೈಲಿಗ್ರಾತ್ ಹೆಗೆಲ್‌ನ ಕೆಲವು ಸಂಪುಟಗಳನ್ನು ಕಳುಹಿಸಿಕೊಟ್ಟನು. ಅವು ಒಂದು ಕಾಲಕ್ಕೆ ಬಕೂನಿನ್‌ನ ಪುಸ್ತಕಗಳು! ಹೆಗೆಲ್‌ನ ತರ್ಕಶಾಸ್ತ್ರವನ್ನು ಹೀಗೆ ಅಕಸ್ಮಾತ್ತಾಗಿ ಮತ್ತೊಮ್ಮೆ ತಿರುವಿಹಾಕಿದ್ದು ನಿರೂಪಣೆಯ ವಿಧಾನಕ್ಕೆ ಬಹಳ ಉಪಕಾರವಾಯಿತೆಂದು ಮಾರ್ಕ್ಸ್ 1858ರ ಜನವರಿಯಲ್ಲಿ ಏಂಗೆಲ್ಸ್‌ನಿಗೆ ತಿಳಿಸಿದನು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಅವನು ಓದಿದ ಸರ್ಕಾರಿ ವರದಿಗಳು. ಲಿಯೊನಾರ್ಡ್ ಹಾರ್ನರ್‌ನಂಥ ಕಾರ್ಖಾನೆ ತನಿಖಾಧಿಕಾರಿಗಳು ದಾಖಲಿಸಿದ ದುಡಿಮೆಯ ಗಂಟೆಗಳು, ಮಕ್ಕಳ ಕೂಲಿ, ಮಾಲೀಕರ ಕುಯುಕ್ತಿ ಇವೆಲ್ಲವೂ ಮೊದಲ ಸಂಪುಟದೊಳಗೆ ಹರಿದುಬಂದವು. ಇಂಗ್ಲೆಂಡಿನ ಬಾಳನ್ನು ಇಂಗ್ಲಿಷ್ ಕಾಗದಪತ್ರಗಳಿಂದ ಅರಿತು, ತನ್ನ ಜರ್ಮನ್ ನುಡಿಯಲ್ಲಿ ಬರೆದು, 1867ರಲ್ಲಿ ಹ್ಯಾಂಬರ್ಗಿನಲ್ಲಿ ಪ್ರಕಟಿಸಿದನು. ಇಂಗ್ಲಿಷರಿಗೆ ಅದು ತಮ್ಮ ಭಾಷೆಯಲ್ಲಿ ಪುಸ್ತಕವಾಗಿ ದೊರೆತದ್ದು 1887ರಲ್ಲಿ. ನಮ್ಮ ಸ್ಮರಣ ಸಂಚಿಕೆಗಳಲ್ಲಿ ತವರಿನ ನೆನಪಿಗೆ ಬರವಿಲ್ಲ, ಬರಬಾರದು ಕೂಡ. ಆದರೆ ನಾವು ದುಡಿದು ತೆರಿಗೆ ತೆರುವ ಊರಿನ ದಾಖಲೆಗಳನ್ನು ಓದಿ, ಅಲ್ಲಿಯ ಬದುಕನ್ನು ಕನ್ನಡದಲ್ಲಿ ವಿಚಾರಿಸಿದ ಬರಹಗಳೆಷ್ಟು? ಕನ್ನಡಕ್ಕೆ ಆ ಶಕ್ತಿಯಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ.

ಓದು ಗ್ರಂಥವನ್ನು ಬೆಳೆಸಿದಂತೆ ತಡೆದದ್ದೂ ಉಂಟು. ಐವತ್ತು ದಾಟಿದ ಮೇಲೆ ಮಾರ್ಕ್ಸ್ ರಷ್ಯನ್ ಕಲಿತು ಅಲ್ಲಿಯ ಬೇಸಾಯದ ವರದಿಗಳಲ್ಲಿ ಮುಳುಗಿದನು. ಉಳಿದ ಸಂಪುಟಗಳು ಮುಗಿಯಲಿಲ್ಲ. ಅವನು 1883ರಲ್ಲಿ ತೀರಿಕೊಂಡ ಮೇಲೆ, ಓದಲು ದುಸ್ತರವಾದ ಆ ಕೈಬರಹವನ್ನು ಬಿಡಿಸಿ ಏಂಗೆಲ್ಸ್ ಎರಡನೆಯ ಸಂಪುಟವನ್ನು 1885ರಲ್ಲಿ, ಮೂರನೆಯದನ್ನು 1894ರಲ್ಲಿ ಹೊರತಂದನು. ಆ ಶ್ರಮಕ್ಕೆ ಎಣೆಯಿಲ್ಲ. ಆದರೂ ಮೂಲದಲ್ಲಿ ಏಳೇ ಅಧ್ಯಾಯಗಳಿದ್ದ ಮೂರನೆಯ ಸಂಪುಟದ ಕರಡು ಅವನ ಕೈಯಲ್ಲಿ 52 ಅಧ್ಯಾಯಗಳಾಯಿತು. ತಡಕಾಟವಿದ್ದ ಕಡೆ ಓದುಗನಿಗೆ ಸಿದ್ಧಾಂತ ಕಾಣತೊಡಗಿತು. ಮೂಲದ ಕರಡು ಇದ್ದಂತೆಯೇ ಅಚ್ಚಾದದ್ದು 20ನೆಯ ಶತಮಾನದ ಕೊನೆಯ ದಶಕದಲ್ಲಿ. ವರ್ಗಗಳನ್ನು ಕುರಿತ ಕೊನೆಯ ಅಧ್ಯಾಯಕ್ಕೆ ಮಾತ್ರ ಏಂಗೆಲ್ಸ್ ಹೊಲಿಗೆ ಹಾಕಲಿಲ್ಲ. ಒಂದೆರಡು ಪುಟಗಳಾದ ಮೇಲೆ, ಹಸ್ತಪ್ರತಿ ಇಲ್ಲಿಗೆ ನಿಂತಿದೆ ಎಂದಷ್ಟೇ ಸೂಚಿಸಿ ಬಿಟ್ಟನು.