ಬೆಳೆ ಹೋದವನೂ ಸಾಕ್ಷಿ ಹೇಳಲಿ

ಆದೋನಿ, ರಾಯದುರ್ಗದ ಕಡೆಯ ಸುವಾರ್ತೆ ಕೂಟಗಳಲ್ಲಿ ಕೇಳಿಬರುವ ಸಾಕ್ಷಿಗಳು ಬಹುಪಾಲು ಒಂದೇ ಅಚ್ಚಿನವು. ರೈತ ಸಾಲದಲ್ಲಿದ್ದ, ಪ್ರಾರ್ಥನೆ ಮಾಡಿದ, ಮಳೆ ಬಂತು, ಶೇಂಗಾ ಕಾಯಿ ಕಟ್ತು, ಸಾಲ ತೀರ್ತು. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಅದೇ ಕೂಟದ ಹಿಂದಿನ ಸಾಲಿನಲ್ಲಿ, ಅಷ್ಟೇ ಭಕ್ತಿಯಿಂದ ಪ್ರಾರ್ಥಿಸಿಯೂ ಬಿತ್ತಿದ ಬೀಜವೇ ಕೈಗೆ ಬಾರದವನು ಕೂತಿರ್ತಾನೆ. ಅವನೇನು ತಿಳೀಬೇಕು? ತನ್ನ ನಂಬಿಕೆ ಸಾಲಲಿಲ್ಲ ಅಂತಲೇ? ಬರದ ಹೊರೆಯ ಮೇಲೆ ಪಾಪದ ಹೊರೆಯನ್ನೂ ಹೊರಿಸುವ ಕಥೆ ಸುವಾರ್ತೆಯಲ್ಲ.

ಯೇಸುಸ್ವಾಮಿ ಹೇಳಿದ್ದು ಬೇರೆ. ನೀತಿವಂತರ ಹೊಲಕ್ಕೂ ಅನೀತಿವಂತರ ಹೊಲಕ್ಕೂ ದೇವರು ಮಳೆ ಸುರಿಸುತ್ತಾನೆ ಎಂದು ಮತ್ತಾಯನ ಸುವಾರ್ತೆಯಲ್ಲಿದೆ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದು ಅವರೇ ಹೇಳಿದರು. ಹಾಗಿದ್ದ ಮೇಲೆ ಮಳೆಯ ಲೆಕ್ಕದಲ್ಲಿ ಭಕ್ತಿಯನ್ನು ಅಳೆಯೋದು ಯಾವ ನ್ಯಾಯ?

ಹಾಗಂತ ಕೈಕಟ್ಟಿ ಕೂರೋದೂ ನಂಬಿಕೆಯಲ್ಲ. ಮಾರ್ಕನ ಸುವಾರ್ತೆಯ ಒಂದು ಪುಟ್ಟ ಕಥೆಯಲ್ಲಿ ರೈತ ಬೀಜ ಹಾಕ್ತಾನೆ, ರಾತ್ರಿ ಮಲಗ್ತಾನೆ, ಬೆಳಿಗ್ಗೆ ಏಳ್ತಾನೆ. ಬೀಜ ಹೇಗೆ ಮೊಳೆಯಿತೋ ಅವನಿಗೇ ಗೊತ್ತಿಲ್ಲ. ಆದರೆ ಬಿತ್ತಿದ್ದು ಅವನೇ, ಕುಡುಗೋಲು ಹಾಕುವವನೂ ಅವನೇ. ನಡುವಿನದು ದೇವರ ಕೆಲಸ. ಐಗುಪ್ತದಲ್ಲಿ ಯೋಸೇಫನು ಸಮೃದ್ಧಿಯ ಏಳು ವರ್ಷವೂ ಬೆಳೆಯ ಐದರಲ್ಲೊಂದು ಪಾಲನ್ನು ಕೂಡಿಟ್ಟ. ಮುಂದೆ ಏಳು ವರ್ಷದ ಬರದಲ್ಲಿ ಜನ ಬದುಕಿದ್ದು ಅದರಿಂದಲೇ. ಕಣಜ ಕಟ್ಟಿದ ಇನ್ನೊಬ್ಬನೂ ಇದ್ದಾನೆ. ಲೂಕನ ಸುವಾರ್ತೆಯ ಐಶ್ವರ್ಯವಂತ. ತಾನೊಬ್ಬನೇ ಉಂಡು ಸುಖವಾಗಿರಬೇಕೆಂದ, ಅದೇ ರಾತ್ರಿ ಸತ್ತ. ಕೂಡಿಡೋದು ತಪ್ಪಲ್ಲ, ಯಾರಿಗಾಗಿ ಅನ್ನೋದು ಮುಖ್ಯ. ಹಾಗಾಗಿ ಬೆಳೆ ವಿಮೆ ಮಾಡಿಸಿದವನ ನಂಬಿಕೆ ಕಡಿಮೆ ಅನ್ನೋದು ತಪ್ಪು.

ವ್ಯಾಪಾರಸ್ಥರಿಗೆ ಒಂದು ಮಾತು. ದಶಮಾಂಶ ಕೊಟ್ಟರೆ ದೇವರು ಎರಡರಷ್ಟು ಕೊಡ್ತಾನೆ ಎಂದು ಯಾರಾದರೂ ಹೇಳಿದರೆ ಸ್ವಲ್ಪ ಯೋಚಿಸಿ. ಅದು ಕಾಣಿಕೆಯಲ್ಲ, ಬಡ್ಡಿಗೆ ಬಿಟ್ಟ ಹಣ. ದಲ್ಲಾಳಿ ಅಂಗಡಿಯ ಲೆಕ್ಕವನ್ನು ದೇವರ ಗುಡಿಯೊಳಗೆ ತರಬಾರದು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕೇಳೋದು ಆ ದಿನದ ಆಹಾರವನ್ನು ಮಾತ್ರ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಆದೋನಿ, ರಾಯದುರ್ಗ ತಾಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಅಂದರೆ ಆ ಪುಸ್ತಕ ಕನ್ನಡ ಮಾತಾಡಿದ್ದು ನಮ್ಮ ಈ ಬರದ ಸೀಮೆಯಲ್ಲೇ. ಅದರಲ್ಲಿ ಹಬಕ್ಕೂಕ ಎಂಬ ಪ್ರವಾದಿಯ ಹಾಡೊಂದಿದೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನಗಳಿಲ್ಲದಿದ್ದರೂ ತಾನು ದೇವರಲ್ಲಿ ಸಂತೋಷಪಡುವೆನೆಂದು ಅವನು ಹಾಡುತ್ತಾನೆ. ಅವನೇನೂ ಮಳೆ ಬಂದ ಮೇಲೆ ಹಾಡಿದವನಲ್ಲ.

ಪಾಸ್ಟರುಗಳೂ ಸಭೆಯ ಹಿರಿಯರೂ ಮುಂದಿನ ಕೂಟದಲ್ಲಿ ಬೆಳೆ ಹೋದವನನ್ನೂ ವೇದಿಕೆಗೆ ಕರೆಯಲಿ. ಸಾಲ ಇನ್ನೂ ತೀರಿಲ್ಲ, ಆದರೂ ದೇವರನ್ನು ಬಿಟ್ಟಿಲ್ಲ, ನೆರೆಯವರು ನನ್ನನ್ನು ಬಿಟ್ಟಿಲ್ಲ ಎಂದು ಅವನು ಹೇಳುವಂತಾದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಕೊನೆಯ ಮಾತು ನಿಜವಾಗುವಂತೆ ನೋಡಿಕೊಳ್ಳೋದು ಮಾತ್ರ ಸಭೆಯ ಹೊಣೆ.