ತಲೆಗೆ ಪೆಟ್ಟು ಬಿದ್ದ ಆಟಗಾರ ಮತ್ತೆ ಮೈದಾನಕ್ಕಿಳಿಯುವುದು ಯಾವಾಗ?

2014ರ ಜುಲೈ 13ರಂದು ರಿಯೋ ಡಿ ಜನೈರೋದಲ್ಲಿ ನಡೆದ ವಿಶ್ವಕಪ್ ಫುಟ್ಬಾಲ್ ಫೈನಲನ್ನು ನಮ್ಮಲ್ಲಿ ಹಲವರು ನಿದ್ದೆಗೆಟ್ಟು ಟಿವಿಯಲ್ಲಿ ನೋಡಿದ್ದೇವೆ. 17ನೇ ನಿಮಿಷದಲ್ಲಿ ಅರ್ಜೆಂಟೀನದ ಗರಾಯ್ ಅವರ ಭುಜ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ಅವರ ಮುಖಕ್ಕೆ ಬಡಿಯಿತು. ಕ್ರಾಮರ್ ಎದ್ದು ಮತ್ತೆ ಆಡತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ರೆಫರಿಯ ಬಳಿ ಬಂದು, ಇದು ಫೈನಲ್ ಪಂದ್ಯವೇ ಎಂದು ಕೇಳಿದರು! 31ನೇ ನಿಮಿಷದಲ್ಲಷ್ಟೇ ಅವರನ್ನು ಹೊರಗೆ ಕರೆಸಿಕೊಳ್ಳಲಾಯಿತು.

ಮೆದುಳು ಅಲುಗಿದಾಗ ಆಗುವ ಈ ತೊಂದರೆಗೆ ಕನ್ಕಷನ್ ಎನ್ನುತ್ತಾರೆ. ರಕ್ತ ಬರಬೇಕೆಂದಿಲ್ಲ, ಪ್ರಜ್ಞೆ ತಪ್ಪಬೇಕೆಂದೂ ಇಲ್ಲ. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲೂ ಕಾಣಿಸದು. ತಲೆನೋವು, ತಲೆಸುತ್ತು, ಮರೆವು ಕೆಲವೊಮ್ಮೆ ಗಂಟೆಗಳ ನಂತರ ಶುರುವಾಗುತ್ತವೆ. ಅದು ಗುಣವಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಮೆದುಳು ಊದಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಇದು ಅಪರೂಪ, ಆದರೆ ಆಗುವುದು ಹೆಚ್ಚಾಗಿ ಎಳೆಯರಿಗೆ.

ಕ್ರಾಮರ್ ಪ್ರಕರಣ ಹಾಗೂ ಅದೇ ವಿಶ್ವಕಪ್‌ನ ಇಂಥ ಇತರ ಘಟನೆಗಳ ನಂತರ, ರೆಫರಿ ಮೂರು ನಿಮಿಷ ಆಟ ನಿಲ್ಲಿಸಬಹುದು, ತಂಡದ ವೈದ್ಯರು ಒಪ್ಪಿದರೆ ಮಾತ್ರ ಆಟಗಾರ ಮುಂದುವರಿಯಬಹುದು ಎಂಬ ಕ್ರಮ ಬಂತು. ಮೂರು ನಿಮಿಷ ಸಾಕೇ? 2019ರ ಏಪ್ರಿಲ್ 30ರಂದು ಅಯಾಕ್ಸ್ ವಿರುದ್ಧದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಟಾಟನ್‌ಹ್ಯಾಮ್‌ನ ಯಾನ್ ವರ್ಟೊಂಗನ್ ವೈದ್ಯರು ನೋಡಿದ ಮೇಲೆಯೇ ಮೈದಾನಕ್ಕೆ ಮರಳಿದ್ದರು. ಕೆಲವೇ ಕ್ಷಣಗಳಲ್ಲಿ ಅವರನ್ನು ಇಬ್ಬರು ಹಿಡಿದುಕೊಂಡು ಹೊರಗೆ ಕರೆದೊಯ್ಯಬೇಕಾಯಿತು. ತಲೆಸುತ್ತು, ತಲೆನೋವು ಒಂಬತ್ತು ತಿಂಗಳು ಕಾಡಿತೆಂದು ಅವರೇ ಮುಂದೆ ಹೇಳಿದರು.

ಇದಕ್ಕೆ ಕೊಟ್ಟಿರುವ ಪರಿಹಾರ ಹೆಚ್ಚುವರಿ ಬದಲಿ ಆಟಗಾರ. 2021ರಲ್ಲಿ ಪ್ರಯೋಗವಾಗಿ ಆರಂಭವಾದ ಇದು 2024ರ ಜುಲೈಯಿಂದ ಆಟದ ನಿಯಮಗಳಲ್ಲೇ ಸೇರಿದೆ. ಆದರೆ ಅಳವಡಿಸಿಕೊಳ್ಳುವುದು ಆಯಾ ಪಂದ್ಯಾವಳಿಗೆ ಬಿಟ್ಟದ್ದು, ಹೊರಗೆ ಹೋದವನು ಮರಳುವಂತಿಲ್ಲ. ರಗ್ಬಿಯಲ್ಲಿ ಹಾಗಲ್ಲ. ಅಲ್ಲಿ ತಾತ್ಕಾಲಿಕ ಬದಲಿಯನ್ನು ಇಳಿಸಿ, ಗಾಯಾಳುವನ್ನು ಮೈದಾನದ ಹೊರಗೆ ಸಮಾಧಾನದಿಂದ ಪರೀಕ್ಷಿಸುತ್ತಾರೆ. ಫುಟ್ಬಾಲ್ ಆಟಗಾರರ ಸಂಘಟನೆ ಫಿಫ್‌ಪ್ರೊ ಇದನ್ನೇ ಕೇಳುತ್ತಿದೆ. ತಂಡಗಳು ಸಮಯ ಕಳೆಯಲು ಇದನ್ನು ದುರುಪಯೋಗ ಮಾಡಿಕೊಳ್ಳುತ್ತವೆ ಎನ್ನುವವರಿದ್ದಾರೆ. ಮಾಡಿಕೊಂಡರೂ ಹೋಗುವುದು ಕೆಲವು ನಿಮಿಷ ತಾನೆ?

ವೈದ್ಯರೇ ಇಲ್ಲದ ಮೈದಾನಗಳ ಕಥೆ ಬೇರೆ. ಬ್ರಿಟನ್ 2023ರಲ್ಲಿ ಸಾಮಾನ್ಯ ಕ್ರೀಡಾಪಟುಗಳಿಗಾಗಿ ಹೊರಡಿಸಿದ ಮಾರ್ಗಸೂಚಿ ಸರಳವಾಗಿದೆ: ಸಂಶಯ ಬಂದರೆ ಆಟಗಾರನನ್ನು ಹೊರಗೆ ಕೂರಿಸಿ, ಆ ದಿನ ಮತ್ತೆ ಆಡಿಸಬೇಡಿ. ಮೊದಲು ಒಂದೆರಡು ದಿನ ವಿಶ್ರಾಂತಿ, ಬಳಿಕ ನಡಿಗೆ, ಲಘು ಓಟ, ಅಭ್ಯಾಸ ಹೀಗೆ ಹಂತಹಂತವಾಗಿ ಮುಂದುವರಿಯಬೇಕು. ತೊಂದರೆ ಮರುಕಳಿಸಿದರೆ ಹಿಂದಿನ ಹಂತಕ್ಕೆ ಇಳಿಯಬೇಕು. 21 ದಿನಕ್ಕೆ ಮೊದಲು ಪಂದ್ಯವಿಲ್ಲ.

ನಮ್ಮ ಕರಾವಳಿಯ ಶಾಲಾ ಪಂದ್ಯಗಳಲ್ಲಿ, ಮಳೆಗಾಲದ ಕೆಸರಿನಲ್ಲಿ ಐ.ಸಿ.ವೈ.ಎಂ. ಯುವಕರು ಆಡುವ ಪಂದ್ಯಗಳಲ್ಲಿ, ಬದಿಯಲ್ಲಿ ಕುಳಿತಿರುವವರು ಹೆಚ್ಚೆಂದರೆ ದೈಹಿಕ ಶಿಕ್ಷಕರು. ಮರುದಿನ ಫೈನಲ್ ಇದ್ದರೆ ಹುಡುಗ ತಲೆನೋವನ್ನು ಹೇಳಿಕೊಳ್ಳುವುದೂ ಇಲ್ಲ. ಆದುದರಿಂದ ತೀರ್ಮಾನವನ್ನು ಅವನಿಗಾಗಲಿ ತಂಡದ ನಾಯಕನಿಗಾಗಲಿ ಬಿಡದೆ, ಪಂದ್ಯದ ನಿಯಮಾವಳಿಯಲ್ಲೇ ಎರಡು ಸಾಲು ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ: ತಲೆಗೆ ಪೆಟ್ಟು ಬಿದ್ದು ಸಂಶಯವಿದ್ದವನು ಆ ದಿನ ಆಡುವಂತಿಲ್ಲ, ಅವನ ಬದಲಿಗೆ ಇಳಿದವನನ್ನು ಬದಲಿ ಆಟಗಾರರ ಲೆಕ್ಕಕ್ಕೆ ಹಿಡಿಯುವಂತಿಲ್ಲ.