ಗುಂಡು ತಡವ ಬಾಗಿಲೂ ಗೇಟಿನ ಕಲ್ಲೂ
2025 ಜನವರಿ 17ಕ್ಕೆ ಕೋಟೆಕಾರು ಸಹಕಾರಿ ಸಂಘದ ಕೆ.ಸಿ. ರೋಡು ಶಾಖೆಗೆ ಹಗಲೇ ಬೆಡಿ ಹಿಡ್ಕೊಂಡು ನುಗ್ಗಿ ಚಿನ್ನ ದೋಚಿದವನ್ನೆ, ಅಂದಿಂದ ಎಂಗಳ ಫ್ಲಾಟಿನ ಮೀಟಿಂಗಿಲಿ ಒಂದೇ ಸುದ್ದಿ: ಕೆಳ ಗುಂಡು ತಡವ ಬಾಗಿಲು ಹಾಕ್ಸುವೊ° ಹೇಳಿ.

ಆನು ಬೇಡ ಹೇಳ್ತೆ. ಬಾಗಿಲು ಮಾಂತ್ರ ಗಟ್ಟಿ ಆದರೆ ಸಾಲ. ದಾರಂದ, ಗೋಡೆ, ಕರೆಯ ಗ್ಲಾಸು ಎಲ್ಲವೂ ಗುಂಡು ತಡೆಯೆಕ್ಕು. ಪಿಸ್ತೂಲಿನ ಗುಂಡು ತಡವ ಬಾಗಿಲು ರೈಫಲಿಂಗೆ ಸಾಕಾಗ. ಅದರ ಭಾರಕ್ಕೆ ಕೆಳಾಣ ಮನೆ ಅತ್ತೆಗೆ ನೂಕಲೇ ಎಡಿಯ.

ಅಲ್ಲದ್ದೆ, ಬ್ಯಾಂಕಿನ ಬಾಗಿಲು ಹಗಲು ತೆಗದೇ ಇಕ್ಕನ್ನೆ? ಎಂಗಳ ಗೇಟುದೇ ಹಾಂಗೇ. ಪಾರ್ಸೆಲಿನವು ಬತ್ತವು ಹೇಳಿ ಕಲ್ಲು ಮಡಗಿ ಇಡೀ ದಿನ ತೆಗದೇ ಇರ್ತು. ಕಳುದ ವಾರ ಗುರ್ತ ಇಲ್ಲದ್ದ ಒಬ್ಬ° ಅತ್ತೆಯ ಬಾಗಿಲವರೆಗೆ ಬಂದಿತ್ತಿದ್ದ°. ಅತ್ತೆ ಇಪ್ಪದು ಒಂದೇ.

ಅತ್ತೆಯ ಬಾಗಿಲಿಂಗೆ ಗ್ರಿಲ್ಲು, ಚೈನು, ನೋಡುವ ಒಟ್ಟೆ ಹಾಕ್ಸುವೊ°. ಅದಕ್ಕೂ ಮದಲು ಆ ಕಲ್ಲಿನ ತೆಗೆಯಿ, ಅಕ್ಕಂದಿರೇ. ಅದಕ್ಕೆ ಮೀಟಿಂಗು ಬೇಡ.